ಥ್ರಿಲ್ಲರ್ ಸಿನಿಮಾದ ಮೊದಲ ಐದು ನಿಮಿಷ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಕಡೆ ಶಾರ್ಟ್ ಫಿಲ್ಮ್ ಮಾಡುವ ಹುಡುಗರು, ಹುಡುಗಿಯರು ಈಗ ಜಾಸ್ತಿ. ಅವರ ಜೊತೆ ಕೂತು ಸಿನಿಮಾ ನೋಡುವುದು, ಆಮೇಲೆ ಹರಟೆ ಹೊಡೆಯುವುದು ನನ್ನ ಹಳೇ ಚಾಳಿ. ಆ ಹರಟೆಯಲ್ಲಿ, ಪತ್ರಗಳಲ್ಲಿ, ಮೆಸೇಜುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಅವರದೇ ಮಾತಿನಲ್ಲಿವೆ. ಸುಮ್ನೆ ಸಿನಿಮಾ ನೋಡುವವರಿಗೆ ಮೊದಲ ಭಾಗ ಸಾಕು. ಕ್ಯಾಮೆರಾ ಹಿಡಿಯುವವರು ಪೂರ್ತಿ ಓದಿ. ಹಳೆಯ ಸಿನಿಮಾಗಳ ಓಪನಿಂಗ್ ಬಗ್ಗೆ ಬರೆದಿದ್ದೇನೆ, ಕ್ಲೈಮ್ಯಾಕ್ಸ್ ಎಲ್ಲೂ ಬಿಟ್ಟುಕೊಟ್ಟಿಲ್ಲ.

## ನೋಡುವವರಿಗೆ

ಓಪನಿಂಗ್ ಅಂದ್ರೆ ಎಲ್ಲಿಂದ ಎಲ್ಲಿವರೆಗೆ? ಟೈಟಲ್ ಕಾರ್ಡ್ ಲೆಕ್ಕಕ್ಕೆ ಬರುತ್ತಾ?

ಬರುತ್ತದೆ. ಪರದೆ ಮೇಲೆ ಮೊದಲ ಚಿತ್ರ ಮೂಡಿದ ಗಳಿಗೆಯಿಂದ, ಕಥೆಯ ಮೊದಲ ದೊಡ್ಡ ಪ್ರಶ್ನೆ ನಮ್ಮ ತಲೆಗೆ ಬರುವವರೆಗೆ ಓಪನಿಂಗ್ ಅಂತ ನಾನು ಲೆಕ್ಕ ಹಿಡಿಯುತ್ತೇನೆ. ಕೆಲವು ಸಿನಿಮಾದಲ್ಲಿ ಅದು ಎರಡೇ ನಿಮಿಷ, ಕೆಲವದರಲ್ಲಿ ಹತ್ತು. ಟೈಟಲ್ ಮೊದಲೇ ಬರಬಹುದು, ಮಧ್ಯೆ ಬರಬಹುದು, ಒಂದು ಪೂರ್ತಿ ಸೀನ್ ಮುಗಿದ ಮೇಲೂ ಬರಬಹುದು. ಗಡಿಯಾರ ನೋಡಿ ಅಳೆಯುವ ವಿಷಯ ಇದಲ್ಲ. "ಯಾರು ಮಾಡಿದ್ರು?", "ಇವಳು ಯಾಕೆ ಸುಳ್ಳು ಹೇಳಿದಳು?", "ಆ ಬ್ಯಾಗ್‌ನಲ್ಲಿ ಏನಿದೆ?" ಇಂಥ ಒಂದು ಪ್ರಶ್ನೆ ಗಟ್ಟಿಯಾಗಿ ಹಿಡಿದುಕೊಂಡರೆ ಓಪನಿಂಗ್ ಕೆಲಸ ಮುಗಿಯಿತು.

ಕಥೆನೇ ಶುರುವಾಗಿರಲ್ಲ, ಯಾರಿಗೂ ಏನೂ ಆಗಿರಲ್ಲ, ಆದ್ರೂ ಎದೆ ಢವಢವ ಅನ್ನುತ್ತೆ. ಅದು ಹೆಂಗೆ?

ಒಳ್ಳೆಯ ಓಪನಿಂಗ್ ಎರಡು ಕೆಲಸ ಮಾಡುತ್ತದೆ. ಮೊದಲು ನಮ್ಮ ಕಣ್ಣಿಗೆ ಒಂದು ರೂಢಿ ಕಲಿಸುತ್ತದೆ. ಆಮೇಲೆ ಆ ರೂಢಿಯನ್ನು ಒಂದೇ ಒಂದು ಕಡೆ ಮುರಿಯುತ್ತದೆ.

ಒಂದು ಬೀದಿ ಅಂದುಕೊಳ್ಳಿ. ಬೆಳಗಿನ ಹೊತ್ತು. ಒಂದೊಂದೇ ಮನೆ ಮುಂದೆ ರಂಗೋಲಿ ಕಾಣುತ್ತದೆ. ಕ್ಯಾಮೆರಾ ನಿಧಾನ ಸಾಗುತ್ತದೆ. ನಾಲ್ಕು ಬಾಗಿಲು, ನಾಲ್ಕು ರಂಗೋಲಿ. ಐದನೇ ಬಾಗಿಲ ಮುಂದೆ ನೀರೂ ಬಿದ್ದಿಲ್ಲ, ನಿನ್ನೆಯ ರಂಗೋಲಿ ಅರ್ಧ ಅಳಿಸಿ ಹೋಗಿದೆ, ಮೇಲೆ ಚಪ್ಪಲಿ ಗುರುತು. ಯಾರೂ ಕೂಗಲಿಲ್ಲ, ರಕ್ತ ಕಾಣಲಿಲ್ಲ. ಆದರೂ ಆ ಮನೆಯಲ್ಲಿ ಏನೋ ಆಗಿದೆ ಅಂತ ನಿಮಗೆ ಗೊತ್ತಾಯಿತು ಅಲ್ವಾ? ಮೊದಲ ನಾಲ್ಕು ಬಾಗಿಲು ತೋರಿಸದೆ ನೇರವಾಗಿ ಐದನೆಯದನ್ನು ತೋರಿಸಿದ್ದರೆ ಅದು ಬರೀ ಗಲೀಜು ಅಂಗಳ. ಭಯ ಹುಟ್ಟಿದ್ದು ಹೋಲಿಕೆಯಿಂದ.

ಈ ಪುಟದ ಉಳಿದ ಉತ್ತರಗಳೆಲ್ಲ ಹೆಚ್ಚುಕಡಿಮೆ ಇದರ ಸುತ್ತಲೇ ತಿರುಗುತ್ತವೆ.

ಥ್ರಿಲ್ಲರ್ ಅಂದ ಮೇಲೆ ಓಪನಿಂಗಲ್ಲೇ ಒಂದು ಕೊಲೆ ಬೀಳಬೇಕಲ್ವಾ ಸರ್?

ಬೀಳಲೇಬೇಕು ಅಂತೇನಿಲ್ಲ. ಬಿದ್ದರೂ ಅದನ್ನು ತೋರಿಸಬೇಕಿಲ್ಲ.

ಇದಕ್ಕೆ ನಾನು ಯಾವಾಗಲೂ ಹೇಳುವುದು 1931ರ ಜರ್ಮನ್ ಸಿನಿಮಾ 'ಎಮ್'. ನಿರ್ದೇಶಕ ಫ್ರಿಟ್ಜ್ ಲ್ಯಾಂಗ್. ವಠಾರದಂಥ ಒಂದು ಕಟ್ಟಡದ ಅಂಗಳದಲ್ಲಿ ಮಕ್ಕಳು ಸುತ್ತ ನಿಂತು ಆಟ ಆಡುತ್ತಿದ್ದಾರೆ. ಹಾಡು ಮಾತ್ರ ಕೊಲೆಗಾರನೊಬ್ಬನ ಬಗ್ಗೆ. ಮೇಲೆ ಒಬ್ಬ ತಾಯಿ ಬಟ್ಟೆ ಒಗೆಯುತ್ತಿದ್ದಾಳೆ. ಗೋಡೆ ಗಡಿಯಾರ ಹನ್ನೆರಡು ಹೊಡೆಯುತ್ತದೆ. ಸ್ಕೂಲಿನಿಂದ ಮಗಳು ಬರುವ ಹೊತ್ತು, ಊಟಕ್ಕೆ ತಟ್ಟೆ ಇಡುತ್ತಾಳೆ. ಅತ್ತ ಆ ಹುಡುಗಿ ಚೆಂಡು ಪುಟಿಸುತ್ತಾ ಬರುತ್ತಾಳೆ. ದಾರಿಯ ಕಂಬದ ಮೇಲೆ ಒಂದು ಪೋಸ್ಟರ್: ಕೊಲೆಗಾರನ ಸುಳಿವು ಕೊಟ್ಟವರಿಗೆ ಬಹುಮಾನ. ಹುಡುಗಿ ಅದೇ ಪೋಸ್ಟರಿಗೆ ಚೆಂಡು ಹೊಡೆಯುತ್ತಾಳೆ. ಪೋಸ್ಟರ್ ಮೇಲೆ ಒಬ್ಬ ಗಂಡಸಿನ ನೆರಳು ಬೀಳುತ್ತದೆ. ನೆರಳು ಬಗ್ಗಿ, "ಚೆಂಡು ಚೆನ್ನಾಗಿದೆ" ಅನ್ನುತ್ತದೆ.

ಆಮೇಲೆ ಲ್ಯಾಂಗ್ ಹಿಂಸೆಯ ಒಂದು ಚೂರನ್ನೂ ತೋರಿಸುವುದಿಲ್ಲ. ತಾಯಿ ಮಗಳ ಹೆಸರು ಕೂಗುತ್ತಾಳೆ. ಖಾಲಿ ಮೆಟ್ಟಿಲು. ಬಟ್ಟೆ ಒಣಹಾಕಿದ ಖಾಲಿ ಅಟ್ಟ. ಮುಟ್ಟದ ತಟ್ಟೆ. ಪೊದೆಯೊಳಗಿಂದ ಚೆಂಡು ಉರುಳಿ ಬಂದು ನಿಲ್ಲುತ್ತದೆ. ಆ ನೆರಳಿನ ಗಂಡಸು ಕೊಡಿಸಿದ್ದ ಬಲೂನು ಟೆಲಿಗ್ರಾಫ್ ತಂತಿಗೆ ಸಿಕ್ಕಿಕೊಂಡು ಒದ್ದಾಡುತ್ತದೆ. ಅಷ್ಟೇ. ತೊಂಬತ್ತಕ್ಕೂ ಹೆಚ್ಚು ವರ್ಷ ಆಯಿತು, ಇವತ್ತಿಗೂ ನೋಡಿದವರು ಸುಮ್ಮನಾಗಿಬಿಡುತ್ತಾರೆ. ಚೆಂಡು ಯಾವಾಗಲೂ ಹುಡುಗಿಯ ಕೈಯಲ್ಲಿ ಇರುತ್ತದೆ ಅಂತ ನಮ್ಮ ಕಣ್ಣಿಗೆ ಲ್ಯಾಂಗ್ ಮೊದಲೇ ಕಲಿಸಿಬಿಟ್ಟಿದ್ದ. ಕೈ ಇಲ್ಲದ ಚೆಂಡು ಸಾಕಾಯಿತು.

ಒಂದು ಡೈಲಾಗೂ ಇಲ್ಲದೆ ಹೀರೋ ಯಾರು, ಏನು ಅಂತ ಹೇಳೋಕೆ ಆಗುತ್ತಾ?

ಸಸ್ಪೆನ್ಸ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಅವರ 'ರಿಯರ್ ವಿಂಡೋ' (1954) ನೋಡಿ. ಕಿಟಕಿಯ ಪರದೆಗಳು ಮೇಲೇಳುತ್ತವೆ. ಹಿತ್ತಲಿನ ಕಡೆಯ ಮನೆಗಳು ಕಾಣುತ್ತವೆ. ಕ್ಯಾಮೆರಾ ಒಂದು ಸುತ್ತು ಹಾಕಿ ಒಳಗೆ ಬಂದರೆ, ಹಣೆ ಬೆವೆತು ಮಲಗಿರುವ ಗಂಡಸು. ಥರ್ಮಾಮೀಟರ್ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿದೆ. ಮತ್ತೊಂದು ಸುತ್ತು. ಈಗ ಕಾಲಿಗೆ ಹಾಕಿದ ಪ್ಲಾಸ್ಟರ್, ಪಕ್ಕದಲ್ಲಿ ಚೂರುಚೂರಾದ ಕ್ಯಾಮೆರಾ, ಗೋಡೆ ಮೇಲೆ ರೇಸ್ ಕಾರಿನ ಅಪಘಾತದ ಫೋಟೋ. ಫೋಟೋದಲ್ಲಿ ಕಾರಿನ ಚಕ್ರ ಕಿತ್ತು ನೇರ ನಮ್ಮ ಕಡೆಗೇ ಹಾರಿ ಬರುತ್ತಿದೆ.

ಇವನು ಫೋಟೋಗ್ರಾಫರ್, ಪ್ರಾಣ ಲೆಕ್ಕಿಸದೆ ಹತ್ತಿರ ಹೋಗುವವನು, ಅದರಿಂದಲೇ ಕಾಲು ಮುರಿದುಕೊಂಡಿದ್ದಾನೆ, ಸೆಖೆಯಲ್ಲಿ ಮನೆಯಲ್ಲೇ ಕೂತಿದ್ದಾನೆ, ಎದುರಿಗೆ ಎಲ್ಲರ ಕಿಟಕಿಗಳು ತೆರೆದಿವೆ. ಎಲ್ಲವೂ ವಸ್ತುಗಳಲ್ಲೇ ಗೊತ್ತಾಯಿತು. ಇದರಲ್ಲಿ ನನಗೆ ತುಂಬಾ ಇಷ್ಟವಾಗುವುದು ವಸ್ತುಗಳ ವರಸೆ. ಮುರಿದ ಕಾಲು ಮೊದಲು, ಕಾರಣ ಆಮೇಲೆ. ಉಲ್ಟಾ ಮಾಡಿದ್ದರೆ ಮಾಹಿತಿ ಅಷ್ಟೇ ಇರುತ್ತಿತ್ತು, ಹುಡುಕುವ ಖುಷಿ ಇರುತ್ತಿರಲಿಲ್ಲ.

ನಮ್ಮ ಹುಡುಗರ ಸ್ಕ್ರಿಪ್ಟಿನಲ್ಲಿ ಇದೇ ಕೆಲಸವನ್ನು ವಾಯ್ಸ್ ಓವರ್ ಮಾಡುತ್ತದೆ: "ನನ್ನ ಹೆಸರು ಇಂಥದ್ದು, ನಾನು ಪೊಲೀಸ್..." ದಯವಿಟ್ಟು ಬೇಡ.

ಥಿಯೇಟರಿಗೆ ಹತ್ತು ನಿಮಿಷ ಲೇಟಾಗಿ ಹೋದ್ರೆ ಅಂಥ ಲಾಸ್ ಏನು? ಪಕ್ಕದವರನ್ನ ಕೇಳಿದ್ರಾಯ್ತು.

ಕಥೆ ಕೇಳಿ ತಿಳಿಯಬಹುದು. ಆದರೆ ಕಣ್ಣಿಗೆ ಕಲಿಸಿದ ರೂಢಿ ತಪ್ಪಿಹೋಗಿರುತ್ತದೆ. 1960ರಲ್ಲಿ 'ಸೈಕೋ' ಬಿಡುಗಡೆಯಾದಾಗ, ಶೋ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ಹಿಚ್‌ಕಾಕ್ ಥಿಯೇಟರಿನವರಿಗೆ ಕಟ್ಟುನಿಟ್ಟು ಮಾಡಿದ್ದರು. ಪಾರ್ಕಿಂಗ್ ಸಿಗಲಿಲ್ಲ ಅನ್ನುವ ನೆಪ ಅಲ್ಲಿ ನಡೆಯುತ್ತಿರಲಿಲ್ಲ.

## ಬೆಳಕು, ಬಣ್ಣ, ಚೌಕಟ್ಟು

ಎಲ್ಲಾ ಥ್ರಿಲ್ಲರೂ ಕತ್ತಲು, ಮಳೆ, ನೀಲಿ ಬಣ್ಣ. ನಮ್ಮ ದುರ್ಗದ ಬಿಸಿಲಲ್ಲಿ ಥ್ರಿಲ್ಲರ್ ಆಗಲ್ವಾ?

ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಕತ್ತಲಿನ ರೂಢಿ ಎಲ್ಲಿಂದ ಬಂತು ನೋಡಿ. ಮೊದಲ ಮಹಾಯುದ್ಧದ ನಂತರದ ಜರ್ಮನ್ ಸಿನಿಮಾಗಳಲ್ಲಿ ನೆರಳೇ ಒಂದು ಪಾತ್ರ. 1920ರ 'ಡಾ. ಕ್ಯಾಲಿಗರಿ'ಯಲ್ಲಂತೂ ನೆರಳುಗಳನ್ನು ಸೆಟ್ಟಿನ ಮೇಲೆ ಬಣ್ಣದಲ್ಲೇ ಬರೆದಿದ್ದರು. ಅಲ್ಲಿನ ಎಷ್ಟೋ ಜನ ಮುಂದೆ ಹಾಲಿವುಡ್‌ಗೆ ಹೋದರು. ನಲವತ್ತರ ದಶಕದ ಅಮೆರಿಕನ್ ಕ್ರೈಮ್ ಸಿನಿಮಾಗಳಲ್ಲಿ ಆ ನೆರಳು ಕಪ್ಪು-ಬಿಳುಪಿನಲ್ಲಿ ಇನ್ನೂ ಗಾಢವಾಯಿತು. ನಾವು ಅದನ್ನೇ ನೋಡಿ ನೋಡಿ "ಥ್ರಿಲ್ಲರ್ ಅಂದ್ರೆ ಹಿಂಗೇ" ಅಂದುಕೊಂಡೆವು. ಈಗಿನ ನೀಲಿ ಬಣ್ಣ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವುದು ಸುಲಭವಾದ ಮೇಲೆ ಬಂದ ಚಟ.

ಕತ್ತಲು ಹೆದರಿಸುವುದು ಏನೂ ಕಾಣದಂತೆ ಮಾಡಿ. ಬಿಸಿಲು ಹೆದರಿಸುವ ಬಗೆ ಬೇರೆ. ಎಲ್ಲವೂ ಕಾಣುತ್ತದೆ, ಆದರೂ ಅಪಾಯ ಎಲ್ಲಿದೆ ಗೊತ್ತಾಗುವುದಿಲ್ಲ. ಹಿಚ್‌ಕಾಕ್ 1959ರಲ್ಲಿ ನಡು ಹಗಲು, ಖಾಲಿ ಹೊಲ, ಉದ್ದ ರಸ್ತೆ ಇಟ್ಟುಕೊಂಡು ಔಷಧಿ ಸಿಂಪಡಿಸುವ ವಿಮಾನದಿಂದ ಹೀರೋನನ್ನು ಅಟ್ಟಿಸಿದ್ದು ಇದೇ ಕಾರಣಕ್ಕೆ. ಅದು ಓಪನಿಂಗ್ ಅಲ್ಲ, ಪಾಠ ಮಾತ್ರ ಅದೇ.

ಏಪ್ರಿಲ್ ತಿಂಗಳ ಮಧ್ಯಾಹ್ನ ಚಿತ್ರದುರ್ಗದ ಬಂಡೆಗಳ ನಡುವೆ ನಿಂತು ನೋಡಿ. ನೆರಳು ಕಾಲ ಕೆಳಗೇ ಮುದುಡಿರುತ್ತದೆ. ಎದುರಿಗೆ ನಿಂತವರ ಕಣ್ಣಿನ ಗುಳಿ ಕಪ್ಪಾಗಿರುತ್ತದೆ, ಕಣ್ಣು ಕಾಣುವುದಿಲ್ಲ. ಕಲ್ಲಿನಿಂದ ಝಳ ಎದ್ದು ದೂರದ ವಸ್ತುಗಳು ನೀರಿನಲ್ಲಿ ಇದ್ದಂತೆ ಅಲುಗುತ್ತವೆ. ಪ್ರತಿ ಬಂಡೆಯ ಹಿಂದೆಯೂ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ಇಷ್ಟು ಸಾಮಾನು ದೇವರೇ ಕೊಟ್ಟಿರುವಾಗ ಹುಡುಗರು ರಾತ್ರಿ ಹನ್ನೊಂದಕ್ಕೆ ಎರಡು ಎಲ್‌ಇಡಿ ಲೈಟ್ ಹಿಡಿದುಕೊಂಡು ಯಾಕೆ ಒದ್ದಾಡುತ್ತಾರೋ.

ಬೀದಿ ದೀಪ ಹಳದಿ ಇದ್ದಾಗಿನ ಆ ಮೂಡ್ ಈಗ ಬರ್ತಿಲ್ಲ. ಯಾಕೆ?

ಹಳೆಯ ಸೋಡಿಯಂ ದೀಪ ಸುಮಾರು 2000 ಕೆಲ್ವಿನ್ (ಬೆಳಕಿನ ಬಣ್ಣ ಅಳೆಯುವ ಮಾನ). ಅಂದರೆ ಗಾಢ ಕಿತ್ತಳೆ. ಅದರ ಕೆಳಗೆ ಕೆಂಪು, ನೀಲಿ, ಹಸಿರು ಎಲ್ಲಾ ಸತ್ತು ಕಂದು ಬಣ್ಣಕ್ಕೆ ತಿರುಗುತ್ತಿದ್ದವು. ಮನುಷ್ಯರ ಮುಖವೂ ಅಷ್ಟೇ. ಈಗಿನ ಬಿಳಿ ಎಲ್‌ಇಡಿ ಎಲ್ಲ ಬಣ್ಣವನ್ನೂ ತೋರಿಸಿಬಿಡುತ್ತದೆ, ಹಾಗಾಗಿ ರಾತ್ರಿಯೂ ಆಫೀಸಿನ ಹಾಗೆ ಕಾಣುತ್ತದೆ. ಹಳದಿ ಬೇಕಾದರೆ ದೀಪಕ್ಕೆ ಕಿತ್ತಳೆ ಜೆಲ್ ಪೇಪರ್ (ಬೆಳಕು ಹಾಯುವ ಬಣ್ಣದ ಹಾಳೆ) ಹಚ್ಚಿ. ಇಲ್ಲವೇ ಬಿಳಿಯನ್ನೇ ಉಪಯೋಗಿಸಿ: ದೀಪದ ವೃತ್ತಗಳು ಬೆಳ್ಳಗೆ, ನಡುವಿನ ಜಾಗ ಕಪ್ಪಗೆ, ನಡೆದು ಬರುವವನು ಒಂದು ವೃತ್ತದಿಂದ ಮಾಯವಾಗಿ ಮುಂದಿನದರಲ್ಲಿ ಕಾಣಲಿ. ಮೂರು ವೃತ್ತದಲ್ಲಿ ಕಾಣಿಸಿಕೊಂಡವನು ನಾಲ್ಕನೆಯದಕ್ಕೆ ಬರದಿದ್ದರೆ?

ಕ್ಯಾಮೆರಾ ಹತ್ತಿರ ಇಡಬೇಕಾ, ದೂರ ಇಡಬೇಕಾ? ಯಾವುದು ಜಾಸ್ತಿ ಭಯ?

ಹತ್ತಿರ-ದೂರಕ್ಕಿಂತ ಮುಖ್ಯ ಇನ್ನೊಂದಿದೆ. ಈ ಶಾಟನ್ನು ನೋಡುತ್ತಿರುವುದು ಯಾರು?

ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಬೆಂಚಿನ ಮೇಲೆ ಕೂತಿದ್ದಾಳೆ. ಅಗಲವಾಗಿ ತೋರಿಸುವ 24 ಎಂಎಂ ಲೆನ್ಸಿನಲ್ಲಿ ಎದುರಿಗೆ ಕೂತು ತೆಗೆದರೆ ಅವಳ ಜೊತೆ ನಾವೂ ಬಸ್ಸಿಗೆ ಕಾಯುತ್ತೇವೆ. ಅದೇ ಹೆಂಗಸನ್ನು ರಸ್ತೆಯ ಆ ಬದಿಯಿಂದ, ದೂರದ್ದನ್ನು ಹತ್ತಿರ ಎಳೆಯುವ 200 ಎಂಎಂ ಲೆನ್ಸಿನಲ್ಲಿ ತೆಗೆಯಿರಿ. ನಡುವೆ ಬಸ್ಸು, ಆಟೋ, ಜನ ಮಸುಕಾಗಿ ಹಾದು ಹೋಗಲಿ. ಒಂದೆರಡು ಬಾರಿ ಅವಳು ಪೂರ್ತಿ ಮರೆಯಾಗಲಿ. ಈಗ ನೋಡುತ್ತಿರುವುದು ನಾವಲ್ಲ, ಯಾರೋ ಅವಳನ್ನು ಕಾಯುತ್ತಿದ್ದಾರೆ. ಅವಳು ತಲೆ ಎತ್ತಿ ಒಮ್ಮೆ ನಮ್ಮ ಕಡೆ ನೋಡಿದರೆ ಸಾಕು, ಪ್ರೇಕ್ಷಕ ಕುರ್ಚಿಯಲ್ಲಿ ಸರಿದು ಕೂರುತ್ತಾನೆ.

'ಜಾಸ್' (1975) ಓಪನಿಂಗ್ ಹೀಗೇ. ಸಮುದ್ರದಲ್ಲಿ ಈಜುವ ಹುಡುಗಿಯನ್ನು ನೀರಿನ ಕೆಳಗಿಂದ ನೋಡುತ್ತೇವೆ. ಶಾರ್ಕ್ ಕಾಣುವುದಿಲ್ಲ. ಕಾಣುವ ಅಗತ್ಯವೂ ಇಲ್ಲ, ನಾವು ಅದರ ಕಣ್ಣಿನಲ್ಲೇ ಇದ್ದೇವೆ.

ಫ್ರೇಮ್ ಸೊಟ್ಟ ಇಟ್ರೆ ಥ್ರಿಲ್ಲರ್ ಫೀಲ್ ಬರುತ್ತೆ ಅಂತಾರೆ, ನಿಜಾನಾ?

ಒಂದು ಸಲ ಬರುತ್ತದೆ. ಎಲ್ಲಾ ಶಾಟ್ ಸೊಟ್ಟ ಇದ್ದರೆ ಟ್ರೈಪಾಡ್ ಕೆಟ್ಟಿದೆ ಅನಿಸುತ್ತದೆ.

ಡ್ರೋನ್ ಶಾಟ್‌ನಿಂದ ಶುರು ಮಾಡಿದ್ರೆ ರಿಚ್ ಆಗಿ ಕಾಣಲ್ವಾ?

ರಿಚ್ ಆಗಿ ಕಾಣುತ್ತದೆ, ಮದುವೆ ವಿಡಿಯೋದಲ್ಲೂ ಹಾಗೇ ಕಾಣುತ್ತದೆ. ಮೇಲಿನಿಂದ ನೋಡುವುದಕ್ಕೆ ಒಂದು ಅರ್ಥ ಇದ್ದರೆ ಮಾತ್ರ ಹಾರಿಸಿ. 1980ರ 'ದಿ ಶೈನಿಂಗ್' ಹೆಲಿಕಾಪ್ಟರ್ ಶಾಟ್‌ಗಳಿಂದ ಶುರುವಾಗುತ್ತದೆ. ದೊಡ್ಡ ಬೆಟ್ಟಗಳ ನಡುವೆ ಇರುವೆಯಷ್ಟು ಸಣ್ಣ ಹಳದಿ ಕಾರು. ಕ್ಯಾಮೆರಾ ಅದನ್ನು ಹಿಂಬಾಲಿಸುತ್ತದೆ, ಒಮ್ಮೆ ದಾಟಿ ಕಣಿವೆ ಕಡೆ ಹೋಗಿಬಿಡುತ್ತದೆ. ಬೆಟ್ಟಕ್ಕೆ ಇವರ ಗೊಡವೆಯೇ ಇಲ್ಲ, ಆದರೂ ಏನೋ ಬೆನ್ನು ಹತ್ತಿದೆ ಅನ್ನುವ ಭಾವ.

ಚಿತ್ರದುರ್ಗದ ಗಾಳಿಯಂತ್ರಗಳನ್ನು ಎಲ್ಲರೂ ಡ್ರೋನಿನಲ್ಲಿ ತೆಗೆಯುತ್ತಾರೆ. ನನ್ನ ಮಾತು ಕೇಳಿ, ಒಮ್ಮೆ ನೆಲದಲ್ಲೇ ಇರಿ. ಬೆಳಿಗ್ಗೆ ಬೇಗ ಅಥವಾ ಸಂಜೆ, ಸೂರ್ಯ ಕೆಳಗಿದ್ದಾಗ ಆ ರೆಕ್ಕೆಯ ನೆರಳು ಹೊಲ, ರಸ್ತೆ, ಗೋಡೆಗಳ ಮೇಲೆ ಒಂದೇ ಲಯದಲ್ಲಿ ಬೀಸಿ ಹೋಗುತ್ತದೆ. ಒಂದು ಮನೆಯ ಒಳಗೆ ಕ್ಯಾಮೆರಾ ಇಡಿ. ಕಿಟಕಿ ಬೆಳಕು ಬಂದು ಹೋಗಿ, ಬಂದು ಹೋಗಿ ಮಾಡುತ್ತಿದೆ. ಕಥೆ ಒಂದು ಸಾಲೂ ಬರೆಯದೆ ಅರ್ಧ ಮೂಡ್ ಸಿದ್ಧ.

## ಇನ್ನೂ ಆಳಕ್ಕೆ

ಒಂದೇ ಲಾಂಗ್ ಟೇಕ್ ಒಳ್ಳೇದಾ, ಫಾಸ್ಟ್ ಕಟಿಂಗ್ ಒಳ್ಳೇದಾ?

ಹೊತ್ತನ್ನು ಪ್ರೇಕ್ಷಕ ಎಣಿಸಬೇಕಾದರೆ ಕಟ್ ಮಾಡಬೇಡಿ. ಕಟ್ ಮಾಡಿದ ಕೂಡಲೇ ನಡುವೆ ಎಷ್ಟು ಸಮಯ ಹೋಯಿತು ಅನ್ನುವ ಲೆಕ್ಕ ನಿರ್ದೇಶಕನ ಕೈಗೆ ಹೋಗುತ್ತದೆ.

ಆರ್ಸನ್ ವೆಲ್ಸ್ ಅವರ 'ಟಚ್ ಆಫ್ ಈವಿಲ್' (1958) ಮೊದಲ ಶಾಟ್ ಮೂರು ನಿಮಿಷಕ್ಕೂ ಹೆಚ್ಚು. ಎರಡು ಕೈಗಳು ಬಾಂಬಿನ ಟೈಮರ್ ತಿರುಗಿಸುವುದು ಕಾಣುತ್ತದೆ. ಆ ವ್ಯಕ್ತಿ ಓಡಿ ಒಂದು ಕಾರಿನ ಡಿಕ್ಕಿಯಲ್ಲಿ ಅದನ್ನು ಇಡುತ್ತಾನೆ. ಏನೂ ಗೊತ್ತಿಲ್ಲದ ಒಂದು ಜೋಡಿ ಬಂದು ಕಾರು ಹತ್ತುತ್ತದೆ. ಕ್ಯಾಮೆರಾ ಕ್ರೇನ್ ಮೇಲೆ ಎದ್ದು, ಕಟ್ಟಡದ ಮೇಲಿಂದ ಹಾದು, ಬೀದಿಗೆ ಇಳಿದು ಕಾರಿನ ಜೊತೆ ಹೋಗುತ್ತದೆ. ಇನ್ನೊಂದು ಜೋಡಿ ನಡೆದುಕೊಂಡು ಬರುತ್ತದೆ, ಹೊಸದಾಗಿ ಮದುವೆಯಾದವರು. ಕಾರು ಅವರ ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ಅಡ್ಡ ಬಂದವರಿಗಾಗಿ ನಿಲ್ಲುತ್ತದೆ, ಗಡಿ ಚೌಕಿಯಲ್ಲಿ ಮಾತುಕತೆ. ಡಿಕ್ಕಿಯಲ್ಲಿ ಏನಿದೆ ಅಂತ ನಮಗೆ ಮಾತ್ರ ಗೊತ್ತು. ಸ್ಫೋಟ ಆಗುವವರೆಗೆ ಒಂದು ಕಟ್ ಇಲ್ಲ.

ಸ್ಟುಡಿಯೋದವರು ಈ ಶಾಟಿನ ಮೇಲೆಯೇ ಟೈಟಲ್ ಅಕ್ಷರಗಳನ್ನು ಹಾಕಿ, ಮ್ಯೂಸಿಕ್ ಸುರಿದಿದ್ದರು. ವೆಲ್ಸ್ 58 ಪುಟದ ಪತ್ರ ಬರೆದು ತಮ್ಮ ತಕರಾರು ಹೇಳಿದ್ದರು, ಆಗ ಹೆಚ್ಚೇನೂ ನಡೆಯಲಿಲ್ಲ. 1998ರಲ್ಲಿ ಎಡಿಟರ್ ವಾಲ್ಟರ್ ಮರ್ಚ್ ಆ ಪತ್ರ ಹಿಡಿದು ಸಿನಿಮಾವನ್ನು ಮತ್ತೆ ಎಡಿಟ್ ಮಾಡಿದಾಗ ಅಕ್ಷರಗಳು ಹೋದವು. ಟೈಟಲ್ ಮ್ಯೂಸಿಕ್ ಬದಲು ಬೀದಿಯ ಹೋಟೆಲು, ಕಾರಿನ ರೇಡಿಯೋ ಹಾಡುಗಳು ಬಂದವು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಹೆಸರು ಓದುತ್ತೀರಿ. ಇನ್ನೊಂದರಲ್ಲಿ ಕಾರನ್ನು ಹುಡುಕುತ್ತೀರಿ.

ಪ್ರೇಕ್ಷಕರಿಗೆ ಗುಟ್ಟು ಮೊದಲೇ ಹೇಳಿಬಿಟ್ರೆ ಸಸ್ಪೆನ್ಸ್ ಎಲ್ಲಿ ಉಳಿಯುತ್ತೆ?

ಹೇಳಿದರೇನೇ ಸಸ್ಪೆನ್ಸ್. ಹೇಳದಿದ್ದರೆ ಬರೀ ಶಾಕ್. ಮೇಜಿನ ಕೆಳಗೆ ಬಾಂಬ್ ಇರುವುದು ನಮಗೆ ಗೊತ್ತಿಲ್ಲದೆ ಸಿಡಿದರೆ ಹದಿನೈದು ಸೆಕೆಂಡಿನ ಗಾಬರಿ, ಗೊತ್ತಿದ್ದರೆ ಹದಿನೈದು ನಿಮಿಷದ ಒದ್ದಾಟ ಅಂತ ಹಿಚ್‌ಕಾಕ್ ವಿವರಿಸಿದ್ದು ಪ್ರಸಿದ್ಧ.

ನಮ್ಮ ಊರಿನ ಉದಾಹರಣೆ ಬೇಕಾದರೆ ಒನಕೆ ಓಬವ್ವ ಇದ್ದಾಳೆ. ಕಥೆ ಎಲ್ಲರಿಗೂ ಗೊತ್ತು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆ ಬಂದಿದ್ದಾಳೆ, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳುತ್ತಿದ್ದಾರೆ. ಇದನ್ನೇ ಓಪನಿಂಗ್ ಮಾಡಬೇಕು ಅಂದರೆ ಕ್ಯಾಮೆರಾ ಎಲ್ಲಿ ಇಡುತ್ತೀರಿ?

ಎಲ್ಲರೂ ಒಳಗೆ, ಓಬವ್ವನ ಹತ್ತಿರ ಅನ್ನುತ್ತಾರೆ. ಒಳಗಿಟ್ಟರೆ ವೀರಕಥೆ ಆಗುತ್ತದೆ. ಅವಳ ಮುಖ, ಎತ್ತಿದ ಒನಕೆ, ಬಗ್ಗಿ ಬರುವ ತಲೆ. ಆದರೆ ಒಮ್ಮೆ ಒಳಗಿನದನ್ನು ತೋರಿಸಿ, ಆಮೇಲೆ ಹೊರಗೆ ಬನ್ನಿ. ಸಾಲಿನಲ್ಲಿ ನಿಂತ ಸೈನಿಕರು. ಮುಂದಿನವನು ಕಿಂಡಿಗೆ ತಲೆ ತೂರುತ್ತಾನೆ, ಕಾಲು ಒಳಗೆ ಎಳೆದುಕೊಳ್ಳುತ್ತದೆ, ಸದ್ದಿಲ್ಲ. ಇನ್ನೊಬ್ಬ. ಸದ್ದಿಲ್ಲ. ಸಾಲಿನ ಕೊನೆಯಲ್ಲಿ ಒಬ್ಬ ಎಳೆ ಹುಡುಗ, ಮುಂದಿನವರ ಬೆನ್ನು ನೋಡುತ್ತಾ ತನ್ನ ಸರದಿ ಕಾಯುತ್ತಿದ್ದಾನೆ. ಒಳಗೆ ಏನಿದೆ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಘಟನೆ ಬದಲಾಗಲಿಲ್ಲ, ಕ್ಯಾಮೆರಾ ನಾಲ್ಕು ಮಾರು ಆಚೆ ಹೋಯಿತು ಅಷ್ಟೇ. ಅದು ಥ್ರಿಲ್ಲರ್ ಆಯಿತು. ದುರ್ಗದವರು ನನ್ನ ಮೇಲೆ ಸಿಟ್ಟಾಗಬೇಡಿ, ಶತ್ರುವಿನ ಪರ ಮಾತಾಡುತ್ತಿಲ್ಲ, ಕ್ಯಾಮೆರಾ ಜಾಗದ ಬಗ್ಗೆ ಮಾತಾಡುತ್ತಿದ್ದೇನೆ.

ಕ್ಲೈಮ್ಯಾಕ್ಸ್ ಸೀನ್ ಮೊದಲು ತೋರಿಸಿ, "ಮೂರು ದಿನಗಳ ಹಿಂದೆ" ಅಂತ ಕಾರ್ಡ್ ಹಾಕಿದ್ರೆ?

ಹತ್ತರಲ್ಲಿ ಎಂಟು ಸ್ಕ್ರಿಪ್ಟ್ ಹೀಗೇ ಶುರುವಾಗುತ್ತವೆ ಅನಿಸುವಷ್ಟು ಇದು ಸವೆದಿದೆ. ಸಾಮಾನ್ಯವಾಗಿ ಮೊದಲ ಸೀನ್ ಸಪ್ಪೆ ಇದೆ ಅಂತ ಬರೆದವರಿಗೇ ಗೊತ್ತಿದ್ದಾಗ ಈ ಕಾರ್ಡ್ ಬರುತ್ತದೆ. ಆ ಸಪ್ಪೆ ಸೀನ್ ಸರಿ ಮಾಡಿ. ಕ್ಲೈಮ್ಯಾಕ್ಸಿನ ಒಂದು ತುಣುಕು ಮೊದಲೇ ತೋರಿಸಲೇಬೇಕು ಅಂದರೆ, ಎರಡನೇ ಸಲ ಅದು ಬಂದಾಗ ಅರ್ಥ ಬದಲಾಗಬೇಕು. ಮೊದಲ ಸಲ ಕೊಲೆಗಾರನ ಕೈ ಅನಿಸಿದ್ದು ಎರಡನೇ ಸಲ ಕಾಪಾಡುವ ಕೈ ಆಗಬೇಕು. ಅದೇ ಅರ್ಥದಲ್ಲಿ ಮತ್ತೆ ಬಂದರೆ ಪ್ರೇಕ್ಷಕನಿಗೆ ಒಂದೇ ಸೀನ್ ಎರಡು ಸಲ ಮಾರಿದ ಹಾಗೆ.

ಟೈಟಲ್ ಸೀಕ್ವೆನ್ಸ್‌ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾ? ಹೆಸರು ಬಂದ್ರೆ ಸಾಕಲ್ವಾ?

ಸಾಲ್ ಬಾಸ್ ಅನ್ನುವ ವಿನ್ಯಾಸಕಾರ ಬರುವವರೆಗೆ ಹಾಲಿವುಡ್ಡಿನಲ್ಲೂ ಬಹುಪಾಲು ಹಾಗೇ ಇತ್ತು. 'ವರ್ಟಿಗೊ' (1958) ಟೈಟಲ್ ಒಬ್ಬ ಹೆಂಗಸಿನ ಮುಖದ ತೀರಾ ಹತ್ತಿರದಿಂದ ಶುರುವಾಗುತ್ತದೆ. ತುಟಿ, ಕಣ್ಣು. ಕಣ್ಣಿನೊಳಗಿಂದ ಸುರುಳಿಗಳು ತಿರುಗುತ್ತಾ ಎದ್ದು ಬರುತ್ತವೆ. ಎತ್ತರ ಕಂಡರೆ ತಲೆ ಸುತ್ತುವ ಮನುಷ್ಯನ ಕಥೆ ಅದು. ಸುರುಳಿ ಆಮೇಲೆ ಮೆಟ್ಟಿಲಾಗಿ ಬರುತ್ತದೆ, ತುರುಬಾಗಿ ಬರುತ್ತದೆ. ಟೈಟಲ್ಲಿನಲ್ಲಿ ನೋಡಿದ ಆಕಾರವನ್ನು ಕಣ್ಣು ತಾನಾಗಿ ಗುರುತು ಹಿಡಿಯುತ್ತದೆ, ಬುದ್ಧಿಗೆ ಗೊತ್ತಾಗದಿದ್ದರೂ.

1995ರ 'ಸೆವೆನ್' ಟೈಟಲ್ ಕೈಲ್ ಕೂಪರ್ ಮಾಡಿದ್ದು. ನೋಟ್‌ಬುಕ್ಕುಗಳು, ಹೊಲಿಗೆ, ಬ್ಲೇಡು, ಗೀಚಿದ ನಡುಗುವ ಅಕ್ಷರಗಳು. ಮುಖವಿಲ್ಲ, ಬರೀ ಕೆಲಸ ಮಾಡುವ ಕೈಗಳು. ತಾಳ್ಮೆಯಿಂದ, ಶ್ರದ್ಧೆಯಿಂದ ಯಾರೋ ಏನನ್ನೋ ತಯಾರು ಮಾಡುತ್ತಿದ್ದಾರೆ. ಆ ಶ್ರದ್ಧೆಯೇ ಭಯ ಹುಟ್ಟಿಸುವುದು.

ನಮ್ಮಲ್ಲಿ ಸುನೀಲ್ ಕುಮಾರ್ ದೇಸಾಯಿ ಎಂಬತ್ತರ ದಶಕದ ಕೊನೆಯಲ್ಲಿ 'ತರ್ಕ'ವನ್ನು ಹಾಡುಗಳೇ ಇಲ್ಲದೆ ಮಾಡಿದರು. ಥ್ರಿಲ್ಲರಿನಲ್ಲಿ ಬೇಡದ್ದನ್ನು ಕಿತ್ತುಹಾಕುವ ಧೈರ್ಯ ಕನ್ನಡಕ್ಕೆ ಹೊಸದಲ್ಲ ಅಂತ ಹೇಳಲು ಈ ಮಾತು.

ನಿಜವಾಗಿ ಹೆದರಿಸೋದು ಮ್ಯೂಸಿಕ್ ಅಲ್ವಾ? ದೃಶ್ಯಕ್ಕೆ ಇಷ್ಟೊಂದು ಕ್ರೆಡಿಟ್ ಯಾಕೆ?

ಪರೀಕ್ಷೆ ಸುಲಭ. ಸೌಂಡ್ ಪೂರ್ತಿ ಆಫ್ ಮಾಡಿ ಓಪನಿಂಗ್ ನೋಡಿ. ಆಗಲೂ ಕಸಿವಿಸಿ ಆದರೆ ದೃಶ್ಯ ಗಟ್ಟಿ ಇದೆ. ಏನೂ ಆಗದಿದ್ದರೆ ಮ್ಯೂಸಿಕ್ ಡೈರೆಕ್ಟರ್ ಒಬ್ಬರೇ ಭಾರ ಹೊತ್ತಿದ್ದಾರೆ.

## ಮಾಡುವವರಿಗೆ

ದಾವಣಗೆರೆಯಲ್ಲಿ ಶೂಟ್ ಮಾಡೋಕೆ ಏನೈತ್ರೀ? ದೋಸೆ ಬಿಟ್ರೆ ಲೊಕೇಶನ್ನೇ ಇಲ್ಲ.

ಮಂಡಕ್ಕಿ ಭಟ್ಟಿ ಕಡೆ ಬೆಳಗಿನ ಜಾವ ಯಾವತ್ತಾದರೂ ಹೋಗಿದ್ದೀರಾ? ಸಾಲು ಸಾಲು ಭಟ್ಟಿಗಳು. ಹೊಗೆ ಹಿಡಿದು ಕಪ್ಪಾದ ಗೋಡೆ. ಒಲೆಯ ಬಾಯಲ್ಲಿ ಮಾತ್ರ ಬೆಂಕಿಯ ಕೆಂಪು. ಕಾದ ಮರಳಿಗೆ ಅಕ್ಕಿ ಬಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಅರಳಿ ಬಾಣಲೆ ತುಂಬುತ್ತದೆ. ಜರಡಿ ಆಡಿಸಿದರೆ ಮರಳು ಕೆಳಗೆ, ಬೆಳ್ಳಗಿನ ಮಂಡಕ್ಕಿ ಮೇಲೆ. ಕಪ್ಪು ಗೋಡೆ, ಬಿಳಿ ಮಂಡಕ್ಕಿ, ಕೆಂಪು ಬೆಂಕಿ: ಬಣ್ಣ ತಿದ್ದುವ ಕೆಲಸವೇ ಇಲ್ಲ.

ಈಗ ಮೊದಲು ಹೇಳಿದ ರೂಢಿ-ಮುರಿಯುವಿಕೆ ಇಲ್ಲಿ ಮಾಡಿ ನೋಡೋಣ. ಮೊದಲ ಶಾಟ್ ದೂರದಿಂದ. ಬೆಳಕು ಹರಿಯುವ ಹೊತ್ತು, ಸಾಲು ಚಿಮಣಿಗಳಿಂದ ಹೊಗೆ. ಒಂದರಿಂದ ಮಾತ್ರ ಇಲ್ಲ. ಅದನ್ನು ಫ್ರೇಮಿನ ಮಧ್ಯೆ ಇಡಬೇಡಿ, ಓರೆಯಲ್ಲಿ ಇರಲಿ, ನೋಡುವವರೇ ಹುಡುಕಲಿ. ಆಮೇಲೆ ಒಳಗೆ, ಬೇರೆ ಭಟ್ಟಿಯಲ್ಲಿ, ಕೈಗಳ ಕ್ಲೋಸಪ್. ಅಕ್ಕಿ ಸುರಿಯುವ ಕೈ, ಕೆದಕುವ ಕೈ, ಜರಡಿ ಹಿಡಿದ ಕೈ. ಲಯ ಹತ್ತಬೇಕು. ಲಯ ಹತ್ತಿದ ಮೇಲೆ ಹೊಗೆಯಿಲ್ಲದ ಭಟ್ಟಿಗೆ ಕಟ್. ತಣ್ಣಗಿನ ಒಲೆ. ಬಾಣಲೆಯಲ್ಲಿ ಅರಳದ ಅಕ್ಕಿ ಹಾಗೇ ಮರಳಿನ ಮೇಲಿದೆ. ಅಂದರೆ ಕೆಲಸದ ಮಧ್ಯೆ ಎದ್ದು ಹೋಗಿದ್ದಾರೆ. ಅಥವಾ ಎದ್ದು ಹೋಗಿಲ್ಲ. ಇಲ್ಲಿ ಟೈಟಲ್ ಹಾಕಿ.

ಒಂದು ಕಿವಿಮಾತು. ಅದು ಜನ ದುಡಿಯುವ ಜಾಗ. ಕೇಳಿ ಹೋಗಿ, ಕೆಲಸ ನಿಲ್ಲಿಸಬೇಡಿ, ಸೆಖೆಗೆ ಫೋನ್ ಬಿಸಿಯಾಗಿ ಆಫ್ ಆಗುತ್ತದೆ, ಆಗಾಗ ಹೊರಗೆ ತನ್ನಿ.

ಕೋಟೆಯಲ್ಲಿ ಓಪನಿಂಗ್ ತೆಗೀಬೇಕು ಅಂತ ಆಸೆ. ಏನು ನೋಡ್ಕೋಬೇಕು?

ಮೊದಲು ಅನುಮತಿ. ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಸಿನಿಮಾ ಚಿತ್ರೀಕರಣಕ್ಕೆ ಲಿಖಿತ ಅನುಮತಿ ಬೇಕು, ಡ್ರೋನಿಗೂ ಅಷ್ಟೇ. ಟಿಕೆಟ್ ತಗೊಂಡು ಒಳಗೆ ಹೋಗಿ ಟ್ರೈಪಾಡ್ ಬಿಚ್ಚಿದರೆ ಕಾವಲಿನವರು ಬಂದೇ ಬರುತ್ತಾರೆ.

ಎರಡನೆಯದು, ಆ ಕೋಟೆಗೆ ನೆನಪಿನ ಭಾರ ಇದೆ. 1972ರಲ್ಲಿ ಪುಟ್ಟಣ್ಣ ಕಣಗಾಲ್ 'ನಾಗರಹಾವು' ತೆಗೆದ ಮೇಲೆ ಕನ್ನಡದ ಪ್ರೇಕ್ಷಕ ಆ ಬಂಡೆಗಳ ಮೇಲೆ ಯಾವ ಹುಡುಗ ನಿಂತರೂ ರಾಮಾಚಾರಿಯನ್ನೇ ನೋಡುತ್ತಾನೆ. ಅದನ್ನು ಬಳಸಿಕೊಳ್ಳಿ, ಇಲ್ಲವೇ ತಪ್ಪಿಸಿ. ತಪ್ಪಿಸಲು ಸುಲಭ ದಾರಿ ಅಂದರೆ ಕೋಟೆಯನ್ನು ಅಗಲವಾಗಿ ತೋರಿಸಲೇಬೇಡಿ. ಬಾಗಿಲಿನ ಮೊಳೆ, ಸವೆದ ಮೆಟ್ಟಿಲು, ಎರಡು ಬಂಡೆ ನಡುವಿನ ಗೇಣಗಲದ ಆಕಾಶ. ಎಲ್ಲಿದ್ದೇವೆ ಅಂತ ಮೊದಲ ನಿಮಿಷ ತಿಳಿಯದಿರುವುದೇ ಲಾಭ.

ಮೂರನೆಯದು ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಎಷ್ಟು ಬೆಳಕು ತಗೊಳ್ಳಬೇಕು ಅನ್ನುವ ಲೆಕ್ಕ. ಇಕ್ಕಟ್ಟಾದ ಕಿಂಡಿಯೊಳಗಿಂದ ಹೊರಗೆ ತೆಗೆಯುವಾಗ ಹೊರಗಿನ ಬೆಳಕಿಗೆ ಸೆಟ್ ಮಾಡಿದರೆ ಒಳಗಿರುವವರು ಪೂರ್ತಿ ಕಪ್ಪು ಆಕಾರ. ಒಳಗಿನವರ ಮುಖಕ್ಕೆ ಸೆಟ್ ಮಾಡಿದರೆ ಹೊರಗೆ ಬೆಳ್ಳಗೆ ಸುಟ್ಟು ಹೋಗುತ್ತದೆ. ಎರಡೂ ಸರಿಯೇ, ಅರ್ಥ ಬೇರೆ. ಮೊದಲನೆಯದರಲ್ಲಿ ಇವನು ಯಾರು ಗೊತ್ತಿಲ್ಲ. ಎರಡನೆಯದರಲ್ಲಿ ಹೊರಗೆ ಏನಿದೆ ಗೊತ್ತಿಲ್ಲ. ನಿಮ್ಮ ಕಥೆಗೆ ಯಾವ ಗೊತ್ತಿಲ್ಲ ಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಿ.

ಬರೀ ಮೊಬೈಲ್ ಇದೆ. ಇದರಲ್ಲಿ ಆಗುತ್ತಾ?

ಆಗುತ್ತದೆ, ಆಟೋ ಮೋಡ್ ಬಿಟ್ಟರೆ. ಆಟೋದಲ್ಲಿ ಪಾತ್ರ ಕತ್ತಲಿಗೆ ಹೋದ ಕೂಡಲೇ ಫೋನ್ ತಾನೇ ಬೆಳಕು ಏರಿಸಿಬಿಡುತ್ತದೆ. ನಿಮ್ಮ ಗುಟ್ಟನ್ನು ಫೋನೇ ಬಯಲು ಮಾಡಿದ ಹಾಗೆ. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಮೂರನ್ನೂ ಲಾಕ್ ಮಾಡಿ. ಸೆಕೆಂಡಿಗೆ 24 ಅಥವಾ 25 ಫ್ರೇಮ್, ಶಟರ್ 1/50, ಅಂದರೆ ಪ್ರತಿ ಫ್ರೇಮಿಗೆ ಸೆಕೆಂಡಿನ ಐವತ್ತರಲ್ಲಿ ಒಂದು ಭಾಗ ಬೆಳಕು. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ 1/50 ಇಟ್ಟರೆ ಟ್ಯೂಬ್‌ಲೈಟ್, ಎಲ್‌ಇಡಿ ಮಿನುಗುವುದು ಸಾಮಾನ್ಯವಾಗಿ ತಪ್ಪುತ್ತದೆ. ಬಿಸಿಲಿನಲ್ಲಿ ಆ ಶಟರ್ ಇಟ್ಟರೆ ಚಿತ್ರ ಬೆಳ್ಳಗಾಗುತ್ತದೆ, ಲೆನ್ಸ್ ಮೇಲೆ ಬೆಳಕು ಕಡಿಮೆ ಮಾಡುವ ಕಪ್ಪು ಗಾಜು, ಎನ್‌ಡಿ ಫಿಲ್ಟರ್ ಹಾಕಿ. ಜೂಮ್ ಮುಟ್ಟಬೇಡಿ, ಕಾಲಿನಲ್ಲಿ ಹತ್ತಿರ ಹೋಗಿ.

ಶುರುವಿನಲ್ಲೇ ತಂಬಾಕು ಜಾಹೀರಾತು ಬಂದು ಮೂಡ್ ಹಾಳು ಮಾಡುತ್ತಲ್ಲ, ಏನು ಮಾಡೋದು?

ಸಿನಿಮಾದಲ್ಲಿ ಬೀಡಿ, ಸಿಗರೇಟ್, ಗುಟ್ಕಾ ಕಾಣಿಸಿದರೆ ಶುರುವಿನಲ್ಲಿ ಮತ್ತು ಮಧ್ಯದಲ್ಲಿ ಕನಿಷ್ಠ 30 ಸೆಕೆಂಡಿನ ಎಚ್ಚರಿಕೆ ಚಿತ್ರ ಹಾಕಬೇಕು ಅನ್ನುವುದು ನಿಯಮ. ಸೇದುವ ಹೊತ್ತಿಗೆ ಪರದೆಯ ಕೆಳಗೆ ಬರಹವೂ ಬರಬೇಕು. ಹೊಗೆ ಬಿಡುವ ವಿಲನ್ ನಿಮಗೆ ಅಷ್ಟು ಅಗತ್ಯವಾ ಯೋಚಿಸಿ. ಅವನ ಕೈಗೆ ಬೆಂಕಿಪೊಟ್ಟಣ ಮಾತ್ರ ಕೊಡಿ. ಒಂದೊಂದೇ ಕಡ್ಡಿ ಗೀರಿ ಆರಿಸಲಿ. ಎಚ್ಚರಿಕೆ ಬರಹವೂ ಬೇಡ, ಅವನು ಇನ್ನೂ ಅಪಾಯಕಾರಿಯಾಗಿ ಕಾಣುತ್ತಾನೆ.

ನನ್ನ ಶಾರ್ಟ್ ಫಿಲ್ಮ್ ಹತ್ತೇ ನಿಮಿಷ. ಓಪನಿಂಗ್ ಎಷ್ಟು ಇರಬೇಕು?

ಒಂದು ನಿಮಿಷದೊಳಗೆ. ಮೂರರಿಂದ ಐದು ಶಾಟ್. ಕಾಗದದ ಮೇಲೆ ಚೌಕ ಹಾಕಿ ಅವನ್ನು ಬರೆದುಕೊಳ್ಳಿ, ಕೋಲು ಗೊಂಬೆ ಆದರೂ ಸಾಕು. ಪ್ರತಿ ಚೌಕದ ಕೆಳಗೆ ಒಂದೇ ಸಾಲು: ಈ ಶಾಟ್ ಮುಗಿದಾಗ ನೋಡಿದವರಿಗೆ ಹೊಸದಾಗಿ ಏನು ಗೊತ್ತಾಯಿತು? ಉತ್ತರ "ಏನೂ ಇಲ್ಲ, ಆದರೆ ಶಾಟ್ ಚೆನ್ನಾಗಿದೆ" ಅಂತ ಬಂದರೆ ಆ ಚೌಕಕ್ಕೆ ಅಡ್ಡ ಗೆರೆ ಎಳೆಯಿರಿ. ಡ್ರೋನ್ ಬಾಡಿಗೆ ಉಳಿಯುವುದು ಸಾಮಾನ್ಯವಾಗಿ ಇಲ್ಲೇ.